ರಾತ್ರಿ ಸ್ಟ್ರೈಪ್ಡ್ ಬಾಸ್ ಹಿಡಿಯುವಾಗ ಯಾವ ಬೆಳಕು, ಎಲ್ಲಿ, ಎಷ್ಟು?

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಗಳ ಮೀನಿಗೆ ಗಾಳ ಹಾಕುವವರಲ್ಲಿ, ದೊಡ್ಡ ಮೀನೇ ಬೇಕೆನ್ನುವವರು ಹೊತ್ತು ಮುಳುಗಿದ ಮೇಲೆ ಮನೆ ಬಿಡುತ್ತಾರೆ. ಹಗಲೆಲ್ಲ ಆಳದಲ್ಲಿರುವ ಮೀನು ಕತ್ತಲಾದ ಮೇಲೆ ಮೊಣಕಾಲುದ್ದ ನೀರಿಗೂ ಮೇಯಲು ಬರುತ್ತದೆ. 1982ರ ಸೆಪ್ಟೆಂಬರಿನಲ್ಲಿ ಆಲ್ ಮೆಕ್‌ರೆನಾಲ್ಡ್ಸ್ ಅಟ್ಲಾಂಟಿಕ್ ಸಿಟಿಯ ಕಲ್ಲಿನ ಜೆಟ್ಟಿಯ ಮೇಲಿಂದ ಹಿಡಿದ 78 ಪೌಂಡ್ 8 ಔನ್ಸ್ ತೂಕದ ಮೀನೂ ರಾತ್ರಿಯದೇ. 2011ರಲ್ಲಿ ಲಾಂಗ್ ಐಲ್ಯಾಂಡ್ ಸೌಂಡ್‌ನಲ್ಲಿ 81 ಪೌಂಡ್ ದಾಟಿದ ಮೀನು ಸಿಗುವವರೆಗೆ ವಿಶ್ವದಾಖಲೆ ಅದರ ಹೆಸರಿನಲ್ಲೇ ಇತ್ತು.

ರಾತ್ರಿ ಎಂದಮೇಲೆ ಬೆಳಕು ಬೇಕು. ಆದರೆ ಬೆಳಕು ಅಂದರೆ ಒಂದೇ ವಸ್ತುವಲ್ಲ. ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ನಿಮ್ಮ ಕೈಕಾಲಿಗೆ ಬೇಕಾದದ್ದು. ಸೇತುವೆ, ದಕ್ಕೆಗಳ ಮೇಲೆ ಮೊದಲೇ ಉರಿಯುತ್ತಿರುವ ದೀಪ ಮೀನನ್ನು ಹುಡುಕಿಕೊಡುತ್ತದೆ. ನೀರಿಗೆ ನೀವೇ ಇಳಿಸುವ ಹಸಿರು ದೀಪ ಸಣ್ಣ ಮೀನನ್ನು ಕರೆಯುತ್ತದೆ. ಮೂರರ ಕೆಲಸವೂ ಬೇರೆ, ಜಾಗವೂ ಬೇರೆ. ಅವಸರದವರಿಗೆ ಉತ್ತರ ಇಲ್ಲೇ ಇದೆ: ತೆರೆದ ಕಡಲತೀರ ಮತ್ತು ಬಂಡೆಗಳ ಮೇಲೆ ಕಡಿಮೆ ಬೆಳಕಿನ ಹೆಡ್‌ಲ್ಯಾಂಪ್ ಒಂದು, ಜೇಬಿನಲ್ಲಿ ಇನ್ನೊಂದು, ಅಷ್ಟೇ. ಸೇತುವೆ ಹತ್ತಿರವಿದ್ದರೆ ದೀಪ ಕೊಳ್ಳುವ ದುಡ್ಡು ಉಳಿಸಿ, ನೆರಳಿನ ಗೆರೆ ಓದುವುದನ್ನು ಕಲಿಯಿರಿ. ಲಂಗರು ಹಾಕಿದ ದೋಣಿ ಅಥವಾ ಸ್ವಂತ ದಕ್ಕೆ ಇದ್ದು, ಸೆಳೆತ ಕಡಿಮೆ ಇದ್ದರೆ ಮಾತ್ರ ನೀರೊಳಗಿನ ದೀಪಕ್ಕೆ ಅರ್ಥವಿದೆ.

ಮೀನು ಹೆದರುವುದು ಯಾವುದಕ್ಕೆ

ಮೀನಿನ ಕಣ್ಣಿಗೆ ರೆಪ್ಪೆಯಿಲ್ಲ. ನಮ್ಮ ಹಾಗೆ ಹಿಗ್ಗಿ ಕುಗ್ಗುವ ಪಾಪೆಯೂ ಹೆಚ್ಚಿನ ಮೀನುಗಳಿಗಿಲ್ಲ. ಹಗಲಿನಿಂದ ರಾತ್ರಿಗೆ ಹೊಂದಿಕೊಳ್ಳಲು ಅವುಗಳ ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಕೋಶಗಳೇ ಜಾಗ ಬದಲಿಸಬೇಕು. ಅದಕ್ಕೆ ಹತ್ತಾರು ನಿಮಿಷ ಹಿಡಿಯುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಂಡ ಮೀನಿನ ಮೇಲೆ ದಿಢೀರೆಂದು ಟಾರ್ಚ್ ಬಿದ್ದರೆ ತಪ್ಪಿಸಿಕೊಳ್ಳಲು ಅದಕ್ಕಿರುವ ದಾರಿ ಒಂದೇ: ಓಡುವುದು. ಅದೇ ಮೀನು ಸಂಜೆಯಿಂದ ಒಂದೇ ಸಮನೆ ಉರಿಯುತ್ತಿರುವ ಸೇತುವೆ ದೀಪದ ಪಕ್ಕದಲ್ಲಿ ನಿರಾಳವಾಗಿ ಬೇಟೆಯಾಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಬಣ್ಣದ ಬಗ್ಗೆ ನಡೆಯುವ ಚರ್ಚೆಗಿಂತ, ಬೆಳಕು ಎಷ್ಟು ಹಠಾತ್ತಾಗಿ ಬರುತ್ತದೆ, ಎಷ್ಟು ಅಲುಗಾಡುತ್ತದೆ ಎಂಬುದು ದೊಡ್ಡ ವಿಷಯ.

ಬೀಳುವ ಕೋನವೂ ಮುಖ್ಯ. ದೂರದಿಂದ ನೀರಿನ ಮೈಯನ್ನು ಸವರುವಂತೆ ಬಿದ್ದ ಬೆಳಕಿನ ದೊಡ್ಡ ಪಾಲು ಪ್ರತಿಫಲಿಸಿ ಹೋಗುತ್ತದೆ. ಸೊಂಟದ ನೀರಿನಲ್ಲಿ ನಿಂತು ನಿಮ್ಮದೇ ಕಾಲ ಬುಡಕ್ಕೆ ಹೆಡ್‌ಲ್ಯಾಂಪ್ ತಗ್ಗಿಸಿದರೆ ಅದು ನೆಟ್ಟಗೆ ತಳ ಮುಟ್ಟುತ್ತದೆ. ಸ್ಟ್ರೈಪ್ಡ್ ಬಾಸ್ ಎಷ್ಟೋ ಸಲ ಗಾಳ ಎಳೆದು ಮುಗಿಯುವ ಕೊನೆಯ ಹತ್ತು ಅಡಿಯಲ್ಲಿ, ಅಂದರೆ ನಿಮ್ಮ ಮುಂದೆಯೇ ಕಚ್ಚುತ್ತದೆ. ಆ ಹತ್ತು ಅಡಿಯನ್ನು ಬೆಳಗಿಸುವುದೆಂದರೆ ಒಳ್ಳೆಯ ಜಾಗವನ್ನು ಕೈಯಾರೆ ಹಾಳುಮಾಡಿಕೊಂಡಂತೆ.

ಹೆಡ್‌ಲ್ಯಾಂಪ್: ಬಿಳಿ, ಕೆಂಪು, ಹಸಿರು

ಕೆಂಪು ಬೆಳಕು ಮೀನಿಗೆ ಕಾಣುವುದೇ ಇಲ್ಲ ಎಂಬ ಮಾತು ಬಹಳ ಓಡಾಡುತ್ತದೆ. ಅದು ಅರ್ಧ ಸತ್ಯ. ನೀರು ಕೆಂಪನ್ನು ಬೇಗ ಹೀರುತ್ತದೆ, ಕೆಲವೇ ಮೀಟರ್ ಆಳದಲ್ಲಿ ಅದರ ಬಹುಪಾಲು ಕಾಣೆ. ಆದರೆ ನೀವು ನಿಂತಿರುವುದು ಎರಡಡಿ ನೀರಿನ ಪಕ್ಕದಲ್ಲಿ, ಅಲ್ಲಿಗೆ ಕೆಂಪೂ ತಲುಪುತ್ತದೆ. ಕೆಂಪಿನ ನಿಜವಾದ ಲಾಭ ನಿಮ್ಮ ಕಣ್ಣಿಗೆ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ರಾತ್ರಿ ನೋಟ ಕೊಡುವ ಕೋಶಗಳು ಗಾಢ ಕೆಂಪಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ, ಮಂದ ಕೆಂಪಿನಲ್ಲಿ ಗಂಟು ಹಾಕಿ ತಲೆಯೆತ್ತಿದರೆ ಅಲೆ ಇನ್ನೂ ಕಾಣುತ್ತಿರುತ್ತದೆ. ಮಾಂಟಾಕ್‌ನ ಬಂಡೆಯ ಮೇಲೆ ನಿಂತವರಿಗೆ ಇದು ಮೀನಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಬಿಳಿ ಬೆಳಕಿನಲ್ಲಿ ಗಂಟು ಹಾಕಿ ಆರಿಸಿದವನಿಗೆ ಮುಂದಿನ ಕೆಲವು ನಿಮಿಷ ಬರುವ ಅಲೆಯ ಸಾಲು ಕಾಣುವುದಿಲ್ಲ.

ಕೆಂಪಿನ ತೊಂದರೆಗಳನ್ನು ಅಂಗಡಿಯವರು ಹೇಳುವುದಿಲ್ಲ. ಅಳತೆಪಟ್ಟಿಯ ಕೆಂಪು ಗೆರೆ, ಕೆಂಪು ಅಂಕಿಗಳು ಕೆಂಪು ಬೆಳಕಿನಲ್ಲಿ ಮಾಯ. ಕೈಗೆ ಮುಳ್ಳು ಚುಚ್ಚಿ ರಕ್ತ ಬಂದಿದ್ದರೂ ಗೊತ್ತಾಗುವುದಿಲ್ಲ. ಒದ್ದೆ ಬಂಡೆಯ ಮೇಲಿನ ಕಪ್ಪು ಪಾಚಿಗೂ ಬರಿಯ ಕಪ್ಪು ಕಲ್ಲಿಗೂ ವ್ಯತ್ಯಾಸ ತಿಳಿಯದು. ಆದ್ದರಿಂದ ನಡೆಯುವಾಗ ಬಿಳಿಯೇ ಬೇಕು. ಜೆಟ್ಟಿಯ ಮೇಲೆ ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಕೆಂಪು ಹಚ್ಚಿಕೊಂಡು ಧೈರ್ಯ ತೋರಿಸಬೇಡಿ. 150ರಿಂದ 300 ಲುಮೆನ್ (ಬೆಳಕಿನ ಪ್ರಮಾಣದ ಅಳತೆ) ಬಿಳಿ ಬೆಳಕನ್ನು ಕಾಲ ಮುಂದೆ ಬಿಟ್ಟುಕೊಂಡು ಹೋಗಿ, ನಿಲ್ಲುವ ಜಾಗಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಆರಿಸಿ, ಕಣ್ಣು ಒಗ್ಗಲು ಬಿಡಿ.

ಹಸಿರು ಹೆಡ್‌ಲ್ಯಾಂಪ್ ಕೊಳ್ಳುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ಕಾಣುತ್ತದೆ, ಕಡಿಮೆ ಬೆಳಕಿನಲ್ಲೇ ಸಣ್ಣ ಕೆಲಸ ಸಾಗುತ್ತದೆ, ನಿಜ. ಆದರೆ ರಾತ್ರಿ ನೋಟವನ್ನು ಕೆಡಿಸುವುದರಲ್ಲೂ ಅದು ಮುಂದು. ಪಾಚಿ ತುಂಬಿದ ಕರಾವಳಿಯ ನೀರಿನಲ್ಲಿ ಎಲ್ಲಕ್ಕಿಂತ ಆಳಕ್ಕೆ ಹೋಗುವುದೂ ಹಸಿರೇ. ಇಷ್ಟಾಗಿ, ಅತಿ ಮಂದ ಬಿಳಿ ಬೆಳಕು ಪ್ರಖರ ಕೆಂಪಿಗಿಂತ ಒಳ್ಳೆಯದು. ಐದು ಲುಮೆನ್‌ಗೆ ಇಳಿಯುವ ಬಿಳಿ ಇದ್ದರೆ, ಅದರ ಗಾಜಿಗೆ ಎರಡು ಪದರ ಕೆಂಪು ಟೇಪ್ ಅಂಟಿಸಿದರೂ ಕೆಲಸ ನಡೆಯುತ್ತದೆ.

ಕೊಳ್ಳುವಾಗ ಲುಮೆನ್ ಸಂಖ್ಯೆಗಿಂತ ಮೊದಲು ಗುಂಡಿ ನೋಡಿ. ಒಂದೇ ಗುಂಡಿಯ ಅಗ್ಗದ ಲ್ಯಾಂಪ್‌ಗಳಲ್ಲಿ ಮೊದಲ ಒತ್ತಿಗೆ ಪ್ರಖರ ಬಿಳಿ, ಎರಡನೆಯದಕ್ಕೆ ಮಂದ ಬಿಳಿ, ಮೂರನೆಯದಕ್ಕೆ ಕೆಂಪು. ಕೆಂಪು ಬೇಕಾದಾಗಲೆಲ್ಲ ಇಡೀ ದಂಡೆಗೆ ಮಿಂಚು ಹೊಡೆದಂತೆ. ಕೆಂಪಿಗೆ ಪ್ರತ್ಯೇಕ ಗುಂಡಿ ಇರಬೇಕು, ಇಲ್ಲವೇ ಕಳೆದ ಸಲ ಆರಿಸಿದ ಬಣ್ಣದಲ್ಲೇ ಹೊತ್ತಿಕೊಳ್ಳಬೇಕು. ಚೀಲದೊಳಗೆ ತಾನಾಗಿ ಹೊತ್ತಿ ಬ್ಯಾಟರಿ ಮುಗಿಯದಂತೆ ಲಾಕ್ ಇದ್ದರೆ ಇನ್ನೂ ಒಳ್ಳೆಯದು. ನೀರು ತಡೆಯುವ ದರ್ಜೆ ಐಪಿಎಕ್ಸ್4 ಎಂದಿದ್ದರೆ ಹನಿಗಷ್ಟೇ ತಡೆ, ಅಲೆ ಹೊಡೆಯುವ ಕಡೆ ಉಪಯೋಗವಿಲ್ಲ. ಐಪಿಎಕ್ಸ್7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು ಎಂಬ ಲೆಕ್ಕ. ವೆಟ್‌ಸೂಟ್ ಹಾಕಿ ಬಂಡೆಗೆ ಈಜಿ ಹೋಗುವವರು ಐಪಿಎಕ್ಸ್8ಕ್ಕೆ ಕಡಿಮೆ ಇಳಿಯಬಾರದು. ನವೆಂಬರಿನ ಚಳಿಯಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್ ಬೇಗ ಸೋಲುತ್ತದೆ, ಲಿಥಿಯಂ ಸೆಲ್ ಬಾಳುತ್ತದೆ.

ತಲೆಯ ಬದಲು ಕುತ್ತಿಗೆಗೆ ದಾರ ಕಟ್ಟಿ ಎದೆಯ ಮೇಲೆ ನೇತುಬಿಡುವ ಸಣ್ಣ ದೀಪವೂ ಇದೆ. ಹಳೆಯ ಕೈಗಳು ಅದನ್ನೇ ಮೆಚ್ಚುತ್ತವೆ. ತಲೆಯ ಮೇಲಿನ ದೀಪ ನೀವು ನೋಡಿದ ಕಡೆಗೆಲ್ಲ ತಿರುಗುತ್ತದೆ. ಪಕ್ಕದವನು ಮಾತನಾಡಿಸಿದರೆ ಅವನ ಕಣ್ಣಿಗೆ, ನೀರಿನಲ್ಲಿ ಏನೋ ಸದ್ದಾದರೆ ನೀರಿಗೆ. ಎದೆಯ ದೀಪ ಕೈಯ ಮೇಲಷ್ಟೇ ಬೀಳುತ್ತದೆ. ಆದರೆ ಅದನ್ನು ನೆಚ್ಚಿ ಜೆಟ್ಟಿಯ ಮೇಲೆ ನಡೆಯಲಾಗದು, ಏಕೆಂದರೆ ಎದೆ ಕಾಲಿಗೆ ನೆರಳು ಹಾಕುತ್ತದೆ. ಒಂದು ತಲೆಗೆ, ಒಂದು ಕುತ್ತಿಗೆಗೆ ಇಟ್ಟುಕೊಂಡರೆ ಎರಡನೆಯದು ಆಪತ್ತಿಗೂ ಆಯಿತು.

ಬಳಸುವ ಕ್ರಮ ಹೀಗೆ. ಗಾಳ ಎಳೆದುಕೊಂಡು, ನೀರಿಗೆ ಬೆನ್ನು ಹಾಕಿ ನಿಲ್ಲಿ, ಆಮೇಲೆ ದೀಪ ಹಚ್ಚಿ. ಕೆಲಸ ಮುಗಿಸಿ ಆರಿಸಿ, ಆಮೇಲೆ ತಿರುಗಿ. ಎಸೆಯುವಾಗ ಕೋಲಿನ ತುದಿಗೆ ದಾರ ಸುತ್ತಿಕೊಂಡಿದೆಯೇ ಎಂದು ನೋಡಲು ದೀಪ ಬೇಡ: ಬೆರಳಿನಿಂದ ದಾರವನ್ನು ಸ್ವಲ್ಪ ಎಳೆದು ಬಿಟ್ಟರೆ ಸಡಿಲವಾಗಿ ಹರಿಯುತ್ತದೆಯೇ, ತಡೆಯುತ್ತದೆಯೇ ಎಂದು ಕೈಗೇ ತಿಳಿಯುತ್ತದೆ. ಲೀಡರ್ (ದಾರಕ್ಕೂ ಗಾಳಕ್ಕೂ ನಡುವಿನ ಬೇರೆ ತುಂಡು ದಾರ) ಗಂಟು ಕೋಲಿನ ತುದಿಯ ಉಂಗುರಕ್ಕೆ ಬಡಿದ ಟಕ್ ಸದ್ದೇ ಎಳೆಯುವುದನ್ನು ನಿಲ್ಲಿಸುವ ಗುರುತು. ಬೆಳಕು ಖಂಡಿತ ಬೇಕಾಗುವುದು ಮೀನು ದಡಕ್ಕೆ ಬಂದಾಗ. ಮೂರು ಮುಳ್ಳುಗಳ ಗಾಳ ಬಾಯಲ್ಲಿರುವಾಗ, ಒದ್ದಾಡುವ 20 ಪೌಂಡಿನ ಮೀನಿಗೆ ಕತ್ತಲಲ್ಲಿ ಕೈ ಹಾಕುವುದು ಬುದ್ಧಿವಂತಿಕೆಯಲ್ಲ. ಆಗ ಬಿಳಿಯನ್ನೇ ಹಚ್ಚಿ. ಅಳತೆಗೂ ಬಿಳಿಯೇ: ಕಡಲಿನ ಭಾಗದಲ್ಲಿ 28ರಿಂದ 31 ಇಂಚಿನ ಒಳಗಿನ ಒಂದೇ ಮೀನನ್ನು ಇಟ್ಟುಕೊಳ್ಳಬಹುದೆಂಬ ಮಿತಿ ಈಚಿನ ವರ್ಷಗಳದ್ದು. ಚೆಸಪೀಕ್ ಕೊಲ್ಲಿಯಲ್ಲಿ ಅದು ಬೇರೆ. ರಾಜ್ಯದ ನಿಯಮ ವರ್ಷ ವರ್ಷ ಬದಲಾಗುವುದರಿಂದ ಹೊರಡುವ ಮೊದಲು ನೋಡಿಕೊಳ್ಳಬೇಕು. ಬಿಟ್ಟುಬಿಡುವ ಮೀನಾದರೆ ಕಣ್ಣಿಗೆ ದೀಪ ಹಿಡಿಯದೆ, ಮೀನನ್ನು ಅಡ್ಡವಾಗಿ, ಒದ್ದೆ ಕೈಯಲ್ಲಿ ಎತ್ತಿ ಬೇಗ ನೀರಿಗೆ ಬಿಡಿ.

ಸೇತುವೆಯ ಬೆಳಕು: ಪುಕ್ಕಟೆ, ಮತ್ತು ಎಲ್ಲಕ್ಕಿಂತ ಉತ್ತಮ

ಸೇತುವೆಯ ಮೇಲಿನ ದೀಪ ನೀರಿನ ಮೇಲೆ ಬಿದ್ದಾಗ, ಸೇತುವೆಯದೇ ಅಂಚು ಒಂದು ನೆರಳು ಹಾಕುತ್ತದೆ. ಬೆಳಕು ಮುಗಿದು ಕತ್ತಲು ಶುರುವಾಗುವ ಆ ಗೆರೆಯೇ ನಿಮ್ಮ ಗುರಿ. ಸಿಲ್ವರ್‌ಸೈಡ್, ಆಂಚವಿಯಂಥ ಸಣ್ಣ ಮೀನು, ಸೀಗಡಿಗಳು ಬೆಳಕಿಗೆ ಸೇರುತ್ತವೆ. ಸ್ಟ್ರೈಪ್ಡ್ ಬಾಸ್ ಕತ್ತಲೊಳಗೆ, ಗೆರೆಯಿಂದ ಒಂದೆರಡು ಅಡಿ ಹಿಂದೆ, ಸೆಳೆತಕ್ಕೆ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೆ ಬೆಳಕಿನಲ್ಲಿರುವುದೆಲ್ಲ ಕಾಣುತ್ತದೆ, ಬೆಳಕಿನಲ್ಲಿರುವುದಕ್ಕೆ ಅದು ಕಾಣುವುದಿಲ್ಲ. ಚೆಸಪೀಕ್ ಬೇ ಬ್ರಿಜ್ ಟನೆಲ್‌ನ ಸುತ್ತ ದೋಣಿಯವರು ಇದನ್ನೇ ಬೆಳಕಿನ ಗೆರೆಯ ಬೇಟೆ ಎನ್ನುತ್ತಾರೆ. ಬೇಸಿಗೆಯಲ್ಲಿ ಕನೆಕ್ಟಿಕಟ್, ನ್ಯೂಜೆರ್ಸಿಯ ಹಿನ್ನೀರುಗಳ ಸಣ್ಣ ಸೇತುವೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ, ಮೀನು ಸಣ್ಣದು ಅಷ್ಟೇ.

ಮೀನು ಹೆಚ್ಚಾಗಿ ನಿಲ್ಲುವುದು ಸೇತುವೆಗೆ ನೀರು ಬಂದು ತಾಗುವ ಬದಿಯಲ್ಲಿ. ದಡದಿಂದಾದರೆ ಸೆಳೆತಕ್ಕೆ ಎದುರಾಗಿ ಸುಮಾರು 45 ಡಿಗ್ರಿ ಓರೆಯಲ್ಲಿ, ಬೆಳಕಿನೊಳಗೆ, ಗೆರೆಗಿಂತ 15–20 ಅಡಿ ಮೇಲಕ್ಕೆ ಎಸೆಯಿರಿ. ದಾರದ ಸಡಿಲನ್ನಷ್ಟೇ ಸುತ್ತಿಕೊಳ್ಳುತ್ತ, ನೀರು ತಾನೇ ಗಾಳವನ್ನು ಗೆರೆ ದಾಟಿಸಲಿ. ಕಚ್ಚುವುದು ದಾಟುವ ಆ ಒಂದು ಕ್ಷಣದಲ್ಲಿ. ಹೊಸಬರು ಮಾಡುವ ತಪ್ಪು ಎರಡು. ಕತ್ತಲೊಳಗೆ ನೇರ ಎಸೆದು ಮೀನಿನ ತಲೆಯ ಮೇಲೇ ಸದ್ದು ಮಾಡುವುದು ಒಂದು. ಸೆಳೆತದ ವಿರುದ್ಧ ಎಳೆಯುವುದು ಇನ್ನೊಂದು: ನೀರಿಗೆ ಎದುರಾಗಿ ಮೇಲಕ್ಕೆ ಧಾವಿಸುವ ಸಣ್ಣ ಮೀನನ್ನು ಬಾಸ್ ದಿನವೂ ನೋಡುವುದಿಲ್ಲ.

ಜಿಗ್‌ನ, ಅಂದರೆ ಭಾರದ ತಲೆಯ ಗಾಳದ, ತೂಕ ನೀರಿನ ಓಟಕ್ಕೆ ತಕ್ಕಂತಿರಲಿ. ನಿಧಾನ ನೀರಿನಲ್ಲಿ ಅರ್ಧ ಔನ್ಸ್, ಅಂದರೆ 14 ಗ್ರಾಂ. ಬಿರುಸಾಗಿದ್ದರೆ ಒಂದು, ಒಂದೂವರೆ ಔನ್ಸ್. ಆಗೊಮ್ಮೆ ಈಗೊಮ್ಮೆ ತಳ ತಟ್ಟಿದರೆ ತೂಕ ಸರಿ. ಪ್ರತಿ ಎಸೆತಕ್ಕೂ ತಳ ಕಚ್ಚಿಕೊಂಡರೆ ಹೆಚ್ಚಾಯಿತು. ಬೆಳಕಿನ ಕೆಳಗೆ ಮೀನು ಗಾಳವನ್ನು ನೋಡಿ ತೂಗುತ್ತದೆ, ಹಾಗಾಗಿ ಮೂರರಿಂದ ಐದು ಇಂಚಿನ ಸಣ್ಣ ರಬ್ಬರ್ ಮೀನು ಕತ್ತಲ ತೀರದ ಒಂಬತ್ತು ಇಂಚಿನದ್ದಕ್ಕಿಂತ ವಾಸಿ. ಲೀಡರ್ ವಿಚಾರದಲ್ಲಿ ಮಾತ್ರ ಎರಡು ಕಡೆಯಿಂದಲೂ ಎಳೆದಾಟ. 20–25 ಪೌಂಡ್ ಎಳೆತ ತಡೆಯುವ ತೆಳ್ಳಗಿನ ಫ್ಲೋರೊಕಾರ್ಬನ್ ದಾರಕ್ಕೆ ಹೆಚ್ಚು ಕಚ್ಚುತ್ತದೆ, ಆದರೆ ಕಚ್ಚಿದ ಮೀನು ಚಿಪ್ಪು ಮೆತ್ತಿದ ಕಂಬದ ಸುತ್ತ ಹೋಗಿ ತುಂಡರಿಸುತ್ತದೆ. ಕಂಬ ಹತ್ತಿರವಿದ್ದರೆ 40 ಪೌಂಡಿನದೇ ಹಾಕಿ, ಕಡಿಮೆ ಕಡಿತಕ್ಕೆ ಒಪ್ಪಿಕೊಳ್ಳಿ. ಬಾಯಲ್ಲಿ ಮುಳ್ಳು ಹೊತ್ತು ಕಂಬಕ್ಕೆ ಸುತ್ತಿಕೊಂಡ ಮೀನು ಯಾರಿಗೂ ದಕ್ಕಿದ್ದಲ್ಲ.

ನೀರು ನಿಂತಾಗ ಈ ಗೆರೆಗೆ ಕಿಮ್ಮತ್ತಿಲ್ಲ. ಉಬ್ಬರ ಇಳಿತದ ನಡುವಿನ ನಿಶ್ಚಲ ಹೊತ್ತಿನಲ್ಲಿ ಮೀನು ಚದುರುತ್ತದೆ, ನೀರು ಮತ್ತೆ ಓಡತೊಡಗಿದಾಗ ಮರಳುತ್ತದೆ. ದಿಕ್ಕು ಬದಲಾದರೆ ಮೀನು ನಿಲ್ಲುವ ಬದಿಯೂ ಬದಲು, ಆದ್ದರಿಂದ ನೀವೂ ಸೇತುವೆಯ ಆಚೆ ಬದಿಗೆ ನಡೆಯಬೇಕು. ಹುಣ್ಣಿಮೆಯ ಬೆಳದಿಂಗಳಲ್ಲಿ ಗೆರೆ ಮಸುಕು, ಅಮಾವಾಸ್ಯೆಗೆ ಕತ್ತರಿಸಿದಂತೆ ಸ್ಪಷ್ಟ. ಕೇಪ್ ಕಾಡ್ ಕಾಲುವೆಯ ಉದ್ದಕ್ಕೂ ದಂಡೆಯ ರಸ್ತೆಗೆ ದೀಪಗಳಿವೆ. ಅಲ್ಲಿ ದೋಣಿಯಿಂದ ಗಾಳ ಹಾಕುವಂತಿಲ್ಲ, ದಂಡೆಯಿಂದ ಮಾತ್ರ. ಇಂಥ ಕಡೆ ನಿಮ್ಮ ಹೆಡ್‌ಲ್ಯಾಂಪ್ ಒಂದು ಕ್ಷಣ ಮಿನುಗಿದರೆ ಪ್ರಳಯವೇನೂ ಆಗದು, ಮೀನು ಬೆಳಕಿಗೆ ಒಗ್ಗಿಕೊಂಡಿದೆ. ಬ್ಲಾಕ್ ಐಲ್ಯಾಂಡಿನ ಕಗ್ಗತ್ತಲ ತೀರದಲ್ಲಿ ಅದೇ ಕೆಲಸ ಮಾಡಿ ನೋಡಿ, ಮೀನಿಗಿಂತ ಮೊದಲು ಅಕ್ಕಪಕ್ಕದವರು ಬುದ್ಧಿ ಹೇಳುತ್ತಾರೆ.

ನೀರೊಳಗಿನ ಹಸಿರು ದೀಪ

ಇದು ಸಂಜೆಯಿಂದ ಕೂರುವ ತಾಳ್ಮೆ ಇರುವವರಿಗೆ. ಬೆಳಕಿಗೆ ಮೊದಲು ಬರುವುದು ತೇಲುವ ಸೂಕ್ಷ್ಮಜೀವಿಗಳು, ಅವುಗಳ ಹಿಂದೆ ಸಣ್ಣ ಮೀನು, ವಸಂತದಲ್ಲಿ ಸ್ಕ್ವಿಡ್ ಕೂಡ, ಕೊನೆಗೆ ಬಾಸ್. ಈ ಸರಪಳಿ ಕಟ್ಟಲು ಅರ್ಧದಿಂದ ಒಂದು ಗಂಟೆ ಬೇಕು. ಹತ್ತು ನಿಮಿಷಕ್ಕೆ ಬೇಸರಪಟ್ಟು ಜಾಗ ಬದಲಿಸಿದರೆ ಮತ್ತೆ ಸೊನ್ನೆಯಿಂದ ಶುರು.

ಬಿಳಿ ಎಲ್‌ಇಡಿ ಕೂಡ ಮೀನು ಕರೆಯುತ್ತದೆ, ಆದರೆ ಅದೇ ವ್ಯಾಟ್‌ಗೆ ಹಸಿರು ಕರಾವಳಿಯ ನೀರಿನಲ್ಲಿ ಹೆಚ್ಚು ದೂರ ಹೋಗುತ್ತದೆ. ನೀಲಿ ಗೆಲ್ಲುವುದು ದೂರ ಕಡಲಿನ ತಿಳಿನೀರಿನಲ್ಲಿ. ಸ್ಟ್ರೈಪ್ಡ್ ಬಾಸ್ ಇರುವ ಅಳಿವೆಗಳಲ್ಲಿ ನೀರು ಅಷ್ಟು ತಿಳಿಯಲ್ಲ. ಮಳೆ ಬಂದು ಕೆಸರು ಕದಡಿದ್ದರೆ ಯಾವ ಬಣ್ಣವೂ ಒಂದೆರಡು ಮೀಟರ್ ದಾಟದು, ಅವತ್ತು ದೀಪ ಮನೆಯಲ್ಲೇ ಇರಲಿ.

ಬ್ಯಾಟರಿಯ ಲೆಕ್ಕ ಮೊದಲೇ ಮಾಡಿಕೊಳ್ಳಿ. 12 ವೋಲ್ಟಿನ 24 ವ್ಯಾಟ್ ದೀಪ 2 ಆಂಪಿಯರ್ ಎಳೆಯುತ್ತದೆ. ಎಂಟು ಗಂಟೆಗೆ 16 ಆಂಪಿಯರ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಂದುವುದರಿಂದ 32ಕ್ಕಿಂತ ದೊಡ್ಡದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 20 ಸಾಕು, ತೂಕವೂ ಕಡಿಮೆ. ಎಂಜಿನ್ ಹೊತ್ತಿಸುವ ಬ್ಯಾಟರಿಗೆ ಮಾತ್ರ ಇದನ್ನು ಸಿಕ್ಕಿಸಬೇಡಿ, ಬೆಳಗಿನ ಜಾವ ಎಂಜಿನ್ ಏಳದಿದ್ದರೆ ಹುಟ್ಟೇ ಗತಿ. ಧನ ತಂತಿಯಲ್ಲಿ, ಬ್ಯಾಟರಿಗೆ ಹತ್ತಿರ, 5 ಆಂಪಿಯರ್ ಫ್ಯೂಸ್ ಇರಲಿ. ಹಳೆಯ ಹ್ಯಾಲೊಜೆನ್ ದೀಪವಾದರೆ ನೀರಿಗಿಳಿಸಿದ ಮೇಲೆಯೇ ಹಚ್ಚಿ, ಗಾಳಿಯಲ್ಲಿ ಉರಿಸಿದರೆ ವಿಪರೀತ ಕಾದು ಒಡೆಯುತ್ತದೆ.

ಮೂರರಿಂದ ನಾಲ್ಕು ಮೀಟರ್ ಆಳದಲ್ಲಿ ದೀಪವನ್ನು ಒಂದು, ಒಂದೂವರೆ ಮೀಟರ್ ಕೆಳಗೆ ಇಳಿಸಿ. ಒಂದೆರಡು ಪೌಂಡ್ ಸೀಸ ಕಟ್ಟದಿದ್ದರೆ ಸೆಳೆತಕ್ಕೆ ತೇಲಿ ಲೋಲಕದಂತೆ ಆಡುತ್ತದೆ, ಅಲುಗುವ ಬೆಳಕಿಗೆ ಸಣ್ಣ ಮೀನು ನಿಲ್ಲುವುದಿಲ್ಲ. ಭಾರವನ್ನು ತಂತಿಗಲ್ಲ, ಹಗ್ಗಕ್ಕೆ ಕಟ್ಟಿ. ಗಾಳವನ್ನು ಹಸಿರು ವೃತ್ತದ ನಡುವೆ ಇಳಿಸುವುದೇ ಎಲ್ಲರೂ ಮಾಡುವ ತಪ್ಪು. ಬಾಸ್ ಅಂಚಿನ ಮಬ್ಬಿನಲ್ಲಿ, ಕೆಲವೊಮ್ಮೆ ತಳದಲ್ಲಿ ಸುತ್ತುತ್ತದೆ. ಐದಾರು ಮೀಟರ್ ಆಚೆಗೆ ಎಸೆದು, ಅಂಚಿನ ಉದ್ದಕ್ಕೂ ಎಳೆಯಿರಿ. ದಕ್ಕೆಗೆ ಕಾಯಂ ಆಗಿ ಹಾಕಿದ ಎಲ್‌ಇಡಿ ದೀಪದ ಮೈಗೆ ಪಾಚಿ, ಚಿಪ್ಪು ಹತ್ತುತ್ತವೆ, ಆಗಾಗ ಉಜ್ಜಿ ತೆಗೆಯಬೇಕು. ಮನೆಯ ವಿದ್ಯುತ್ತಿನಿಂದ ಉರಿಸುವುದಾದರೆ ಸೋರಿಕೆ ಕಂಡಕೂಡಲೇ ಕಡಿಯುವ ಸ್ವಿಚ್ ಇಲ್ಲದೆ ಹಾಕಲೇಬಾರದು.

ಬೆಳಕು ತಿರುಗುಬಾಣವಾಗುವ ಒಂದು ಸಂದರ್ಭವಿದೆ. ಮೇ, ಜೂನ್‌ನಲ್ಲಿ ರೋಡ್ ಐಲ್ಯಾಂಡಿನ ಉಪ್ಪುನೀರಿನ ಕೊಳಗಳಲ್ಲಿ ಸಿಂಡರ್ ಹುಳುಗಳು ಮರಿಮಾಡಲು ಮೇಲೇಳುತ್ತವೆ. ದೀಪಕ್ಕೆ ಅವೂ ಮುತ್ತುತ್ತವೆ. ಸಾವಿರಾರು ನಿಜವಾದ ಹುಳುಗಳ ನಡುವೆ ನಿಮ್ಮ ನಕಲಿ ಹುಳುವನ್ನೇ ಬಾಸ್ ಆರಿಸಿಕೊಳ್ಳಲು ಕಾರಣವೇನೂ ಇರುವುದಿಲ್ಲ.

ಕರ್ನಾಟಕದ ಕರಾವಳಿಯಿಂದ ಬಂದವರಿಗೆ ಲೈಟ್ ಫಿಶಿಂಗ್ ಎಂದ ಕೂಡಲೇ ಮಲ್ಪೆ, ಗಂಗೊಳ್ಳಿಯ ಜಗಳ ನೆನಪಾಗಬಹುದು. ಅದು ಜನರೇಟರ್ ಹೊತ್ತ ದೋಣಿಗಳು ಪ್ರಖರ ದೀಪಕ್ಕೆ ಮೀನು ಸೇರಿಸಿ ಬಲೆಯಲ್ಲಿ ಬಾಚುವ ವ್ಯವಹಾರ. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಅದನ್ನು ನಿಷೇಧಿಸಿತು. ಇಲ್ಲಿ ಹೇಳುತ್ತಿರುವುದು ಒಂದು ಕೋಲು, ಒಂದು ಗಾಳದ ಮಾತು. ಹಾಗಿದ್ದರೂ ನೀವಿರುವ ರಾಜ್ಯದಲ್ಲಿ ಕೃತಕ ಬೆಳಕಿನ ಬಗ್ಗೆ ಏನು ನಿಯಮವಿದೆ ಎಂದು ನೋಡದೆ ದೀಪ ಕೊಳ್ಳಬೇಡಿ.

ದೋಣಿ ಮತ್ತು ಕಯಾಕ್

ಇಲ್ಲಿ ಮೊದಲ ಮಾತು ಮೀನಿನದಲ್ಲ. ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ಎಂಬುದು ಕಡಲಿನ ಭಾಷೆ. ಕಯಾಕ್‌ನಲ್ಲಿ ಕೂತು ಕೆಂಪು ಹೆಡ್‌ಲ್ಯಾಂಪ್ ಹಚ್ಚಿದವನನ್ನು ದೂರದ ದೋಣಿಯವನು ಇನ್ನೊಂದು ದೋಣಿಯ ಎಡಬದಿ ಎಂದು ಓದಬಹುದು. ಆದ್ದರಿಂದ ನೀರಿನ ಮೇಲೆ ಮಂದ ಬಿಳಿಯೇ ಸುರಕ್ಷಿತ. ಹುಟ್ಟು ಹಾಕುವ ದೋಣಿಗೆ ನಿಯಮ ಕೇಳುವುದು ಡಿಕ್ಕಿ ತಪ್ಪಿಸಲು ಸಾಕಷ್ಟು ಮೊದಲೇ ತೋರಿಸಬಹುದಾದ ಬಿಳಿ ದೀಪವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದನ್ನು. ಕನಿಷ್ಠ ಅಷ್ಟು. ಹಡಗು ಓಡಾಡುವ ಕಡೆ ಹಿಂಬದಿಯ ಕೋಲಿಗೆ ಸುತ್ತಲೂ ಕಾಣುವ ಬಿಳಿ ದೀಪ ಹಾಕಿ. ಅದು ನಿಮ್ಮ ತಲೆಗಿಂತ ಎತ್ತರವಿರಬೇಕು, ಇಲ್ಲದಿದ್ದರೆ ತಲೆಯೇ ಮುಂದಿನಿಂದ ಅದನ್ನು ಮರೆಮಾಡುತ್ತದೆ. ದೀಪದ ಕೆಳಗೆ ಒಂದು ಕಪ್ಪು ತಟ್ಟೆ ಸಿಕ್ಕಿಸಿದರೆ ಬೆಳಕು ಕಯಾಕ್‌ನ ಮೈಮೇಲೆ ಬಿದ್ದು ಕಣ್ಣು ಕುಕ್ಕುವುದೂ ತಪ್ಪುತ್ತದೆ.

ಸಣ್ಣಪುಟ್ಟ ಬೆಳಕುಗಳು

ಎರೆಗೆ ಮೆನ್‌ಹೇಡನ್ ಮೀನಿನ ತುಂಡು ಸಿಕ್ಕಿಸಿ, ಕೋಲನ್ನು ಮರಳಿನಲ್ಲಿ ನೆಟ್ಟು ಕಾಯುವವರಿಗೆ ಕೋಲಿನ ತುದಿಗೆ ಕಟ್ಟುವ ದೀಪ ಉಪಯುಕ್ತ. ಬಗ್ಗಿಸಿದರೆ ಹೊಳೆಯುವ ರಾಸಾಯನಿಕ ಕಡ್ಡಿ ಅಗ್ಗ, ಆದರೆ ಚಳಿಯಲ್ಲಿ ಮಂಕಾಗುತ್ತದೆ, ಒಮ್ಮೆ ಬಳಸಿದರೆ ಮುಗಿಯಿತು. ಸಣ್ಣ ಬ್ಯಾಟರಿಯ ಎಲ್‌ಇಡಿ ಶರತ್ಕಾಲಕ್ಕೆ ವಾಸಿ. ಯಾವುದಾದರೂ ಸರಿ, ಎಸೆಯುವಾಗ ದಾರ ಅದಕ್ಕೆ ಸುತ್ತಿಕೊಳ್ಳದಂತೆ ತುದಿಯಿಂದ ಒಂದಡಿ ಕೆಳಗೆ, ಉಂಗುರಗಳ ಎದುರು ಬದಿಗೆ ಟೇಪ್ ಹಾಕಿ ಕಟ್ಟಿ.

ಕತ್ತಲಲ್ಲಿ ಹೊಳೆಯುವ ಬಣ್ಣದ ಗಾಳಗಳು ಆಳದ, ಕದಡಿದ ನೀರಿಗೆ ಸರಿ. ಆಳವಿಲ್ಲದ ತೀರದಲ್ಲಿ ಸಾದಾ ಕಪ್ಪು ಗಾಳವೇ ಮೇಲು: ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಅದರ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಬೇಸಿಗೆಯ ಕೊನೆಗೆ ನೀರೇ ಹೊಳೆಯುವ ರಾತ್ರಿಗಳಿರುತ್ತವೆ. ಸೂಕ್ಷ್ಮಜೀವಿಗಳು, ಕೋಂಬ್ ಜೆಲ್ಲಿಗಳು ಕಲಕಿದ ಕಡೆಯೆಲ್ಲ ಮಿನುಗಿ, ನಿಮ್ಮ ದಾರ ಉದ್ದಕ್ಕೂ ಬೆಂಕಿಯ ಗೆರೆಯಂತೆ ಕಾಣುತ್ತದೆ. ಆ ರಾತ್ರಿ ದೀಪದ ಆಯ್ಕೆಯಿಂದ ಏನೂ ಆಗದು. ನೀರನ್ನು ಕಡಿಮೆ ಕಲಕುವ ಸಪೂರ ಗಾಳವನ್ನು ಬಹಳ ನಿಧಾನ ಎಳೆಯಿರಿ, ಇಲ್ಲವೇ ಜೀವಂತ ಹಾವುಮೀನು ಹಾಕಿ. ಜೀವಂತ ಎರೆಗೆ ಸರ್ಕಲ್ ಹುಕ್ (ತುದಿ ಒಳಮುಖವಾಗಿ ಬಾಗಿದ ಮುಳ್ಳು) ಕಡ್ಡಾಯ.

ಮನೆಗೆ ಬಂದ ಮೇಲೆ ಹೆಡ್‌ಲ್ಯಾಂಪ್ ಅನ್ನು ಮುಚ್ಚಳ ಬಿಗಿಯಾಗಿರುವಾಗಲೇ ಸಿಹಿನೀರಿನಲ್ಲಿ ತೊಳೆಯಿರಿ, ಒಣಗಿದ ಮೇಲೆ ಬಿಚ್ಚಿ. ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಒಳಗಿನ ಲೋಹದ ತುದಿಯಲ್ಲಿ ಹಸಿರು ತುಕ್ಕು ಕಂಡರೆ ಉಪ್ಪುನೀರು ಆಗಲೇ ಒಳಗೆ ಹೋಗಿದೆ ಎಂದರ್ಥ. ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿದರೆ ಇನ್ನೊಂದಷ್ಟು ದಿನ ಉರಿಯುತ್ತದೆ, ಆದರೆ ಅದನ್ನು ಇನ್ನು ಮೇಲೆ ಜೇಬಿನ ಎರಡನೆಯ ದೀಪವಾಗಿಯೂ ನಂಬಬೇಡಿ.